ಮುಚ್ಚಿದ ಪೆಟ್ಟಿಗೆಯ ಮುಂದೆ ಅರ್ಜಿ ಹಿಡಿದು ನಿಂತ ಕನ್ನಡ

ಹಳೆಯ ಕಂಪ್ಯೂಟರುಗಳ ಮೇಲೆ ಈಗ ಎಲ್ಲರಿಗೂ ಪ್ರೀತಿ ಉಕ್ಕಿ ಬಂದಿದೆ. ಐವತ್ತು ದಾಟಿದ ನಮ್ಮಂಥವರು ಇಬ್ಬರು ಸೇರಿದರೆ ಸಾಕು, ಟೇಪ್ ರೆಕಾರ್ಡರಿನಿಂದ ಆಟ ಲೋಡ್ ಆಗುವಾಗಿನ ಕೀರಲು ಸದ್ದು, ಕಪ್ಪು ಪರದೆಯ ಮೇಲಿನ ಗೆರೆಗೆರೆಯ ಆಕಾಶನೌಕೆ, ಕೊನೆಯ ಗಳಿಗೆಯಲ್ಲಿ ಕೈಕೊಡುವ ಕ್ಯಾಸೆಟ್ಟು, ಎಲ್ಲವನ್ನೂ ಅಜ್ಜಿ ಮನೆಯ ಹಬ್ಬದೂಟ ನೆನೆದಂತೆ ನೆನೆಯುತ್ತೇವೆ. ಇದನ್ನು ನೋಡಿ ಅಂಗಡಿಯವರೂ ಎಚ್ಚೆತ್ತಿದ್ದಾರೆ. ಹಳೆಯ ಯಂತ್ರದ ಆಕಾರದ ಹೊಸ ಆಟಿಕೆ, ಒಳಗೆ ಮೊದಲೇ ತುಂಬಿಟ್ಟ ಹಳೆಯ ಆಟಗಳು, ಜೊತೆಗೊಂದು ಟೀ ಶರ್ಟು. ನಮ್ಮ ಬಾಲ್ಯವನ್ನು ನಮಗೇ ಮಾರುವ ವ್ಯಾಪಾರ ಜೋರಾಗಿ ನಡೆದಿದೆ.

ಸುಮಾರು ನಲವತ್ತು ವರ್ಷದಿಂದ ಈ ಹವ್ಯಾಸವನ್ನು ಬಿಡದೆ ಸಾಕಿಕೊಂಡು ಬಂದವನು ನಾನು. ಖುಷಿಪಡಬೇಕಿತ್ತು. ಆದರೆ ಈ ನೆನಪಿನ ಸಂತೆ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ನಾವು ಸಿಪ್ಪೆಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ತಿರುಳನ್ನು ಎಸೆದಿದ್ದೇವೆ. ಆ ಯಂತ್ರಗಳ ತಿರುಳು ಇದ್ದದ್ದು ಅವುಗಳ ಸದ್ದಿನಲ್ಲೋ ಬಣ್ಣದಲ್ಲೋ ಅಲ್ಲ. ಅವುಗಳಿಗೆ ಬೀಗ ಇರಲಿಲ್ಲ. ಯಾರು ಬೇಕಾದರೂ ಒಳಗೆ ಕೈ ಹಾಕಬಹುದಿತ್ತು. ನನ್ನ ವಾದ ಇಷ್ಟೇ: ಕನ್ನಡದಂಥ ಭಾಷೆ ಕಂಪ್ಯೂಟರಿನೊಳಗೆ ಬಂದದ್ದು ಆ ಬೀಗವಿಲ್ಲದ ಬಾಗಿಲಿನಿಂದ. ಆ ಬಾಗಿಲು ಮುಚ್ಚಿದರೆ ಕನ್ನಡ ಹೊರಗೆ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ. ಈಗ ನಿಂತೂ ಇದೆ. ಹೊರನಾಡಿನಲ್ಲಿ ಕೂತು ಕಂಪ್ಯೂಟರಿನಿಂದಲೇ ಅನ್ನ ತಿನ್ನುವ ನಾವು ಅದನ್ನು ನೋಡುತ್ತ ಕೂತಿದ್ದೇವೆ.

ಮೊದಲು ಆ ಬಾಗಿಲು ಹೇಗಿತ್ತು ಎಂದು ಹೇಳುತ್ತೇನೆ.

ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿ 1981ರ ಕೊನೆಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರನ್ನು ಹೊರತಂದಿತು. ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸುತ್ತೇವೆಂದು ಬ್ರಿಟನ್ನಿನ ಪ್ರಸಾರ ಸಂಸ್ಥೆಯೇ ಹೊರಟಿತ್ತು. ಅದರ ಟಿವಿ ಪಾಠಗಳ ಜೊತೆಗಾರ ಈ ಯಂತ್ರ. ನಮ್ಮ ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಶಾಲಾ ಕಂಪ್ಯೂಟರ್ ಯೋಜನೆ ಆರಂಭಿಸಿದಾಗ ಆರಿಸಿಕೊಂಡದ್ದು ಇದನ್ನೇ. ಮೊದಲ ಹಂತದಲ್ಲಿ ಇಡೀ ದೇಶಕ್ಕೆ ಸುಮಾರು 250 ಶಾಲೆಗಳು. ಅಂಥ ಒಂದು ಶಾಲೆಯಲ್ಲಿ ಓದುವ ಅದೃಷ್ಟ ನನ್ನದಾಗಿತ್ತು.

ಕಂಪ್ಯೂಟರ್ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಯಂತ್ರಗಳಿಗೆ ಹೊಲಿಸಿದ ಬಟ್ಟೆಯ ಮುಸುಕು, ಗೋಡೆಗೆ ಸರಸ್ವತಿಯ ಪಟ. ನಮ್ಮ ಗಣಿತದ ಮೇಷ್ಟ್ರು ಮುಸುಕು ತೆಗೆಯುವ ರೀತಿ ನೋಡಿದರೆ ಒಳಗಿರುವುದು ಉತ್ಸವಮೂರ್ತಿ ಅನ್ನಿಸಬೇಕು. ಆದರೆ ಸ್ವಿಚ್ ಹಾಕಿದ ಮೇಲೆ ಆ ಯಂತ್ರ ತಾನಾಗಿ ಏನೂ ಮಾಡುತ್ತಿರಲಿಲ್ಲ. ಒಂದು 'ಬೀಪ್', ತನ್ನ ಹೆಸರು, 32 ಕೆಬಿ ನೆನಪಿದೆ ಎಂಬ ಸಾಲು, 'ಬೇಸಿಕ್' ಎಂಬ ಪದ, ಒಂದು ಬಾಣದ ಗುರುತು, ಅದರ ಪಕ್ಕ ಮಿನುಗುವ ಗೆರೆ. ಅಷ್ಟೇ. ಮೆನು ಇಲ್ಲ, ಚಿತ್ರ ಇಲ್ಲ, ಜಾಹೀರಾತು ಇಲ್ಲ. ಏನು ಮಾಡಬೇಕು ಹೇಳು ಎಂದು ಕಾಯುತ್ತ ಕೂರುತ್ತಿತ್ತು. ಹತ್ತನೇ ಸಾಲಿನಲ್ಲಿ ನಿನ್ನ ಹೆಸರು ಬರೆಯಲು ಹೇಳಿ, ಇಪ್ಪತ್ತನೇ ಸಾಲಿನಲ್ಲಿ ಹತ್ತಕ್ಕೆ ವಾಪಸು ಹೋಗು ಎಂದರೆ ಪರದೆಯ ತುಂಬ ನಿನ್ನ ಹೆಸರು. ಮೊದಲ ದಿನ, ಮೊದಲ ಐದು ನಿಮಿಷದಲ್ಲಿ, ಹದಿಮೂರು ವರ್ಷದ ಹುಡುಗನಿಗೆ ಸಿಗುತ್ತಿದ್ದ ಯಜಮಾನಿಕೆ ಅದು.

ಆ ಯಂತ್ರದಲ್ಲಿ ಇನ್ನೊಂದು ಸೌಲಭ್ಯ ಇತ್ತು. ಪರದೆಯ ಮೇಲಿನ ಪ್ರತಿ ಅಕ್ಷರವೂ ಎಂಟಕ್ಕೆ ಎಂಟು, ಒಟ್ಟು 64 ಚೌಕಗಳ ಚಿತ್ರ. 'ವಿಡಿಯು 23' ಎಂದು ಹೇಳಿ, ಅಕ್ಷರದ ಸಂಖ್ಯೆ ಕೊಟ್ಟು, ಮುಂದೆ ಎಂಟು ಸಂಖ್ಯೆ ಬರೆದರೆ ಆ ಅಕ್ಷರದ ಆಕಾರವನ್ನೇ ಬದಲಾಯಿಸಬಹುದಿತ್ತು. ಒಂದು ಸಾಲಿನ ಎಂಟು ಚೌಕಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ಯಾವ ಚೌಕ ತುಂಬಬೇಕೋ ಅವುಗಳ ಬೆಲೆ ಕೂಡಿಸಬೇಕು. ನಡುವಿನ ನಾಲ್ಕು ಚೌಕ ತುಂಬಿದರೆ 32, 16, 8, 4 ಕೂಡಿ 60. ಹೀಗೆ ಎಂಟು ಸಾಲಿಗೆ ಎಂಟು ಸಂಖ್ಯೆ. ಈ ಸೌಲಭ್ಯವನ್ನು ಎಲ್ಲರೂ ಬಳಸುತ್ತಿದ್ದುದು ಆಟಕ್ಕೆ. ಶತ್ರುವಿನ ತಟ್ಟೆ, ನಮ್ಮ ರಾಕೆಟ್ಟು, ಬಾಂಬು, ಎಲ್ಲವೂ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹುಟ್ಟುತ್ತಿದ್ದವು.

ಒಂದು ದಿನ ನಾನು ಅದೇ ಗ್ರಾಫ್ ಹಾಳೆಯ ಮೇಲೆ ರಾಕೆಟ್ಟಿನ ಬದಲು 'ರ' ಬರೆದೆ. ಮೇಲೆ ತಲೆಕಟ್ಟು, ಕೆಳಗೆ ದುಂಡಗೆ. ಎಂಟು ಸಂಖ್ಯೆ ಹಾಕಿದೆ. ಪರದೆಯ ಮೇಲೆ 'ರ' ಬಂತು. ನಡುವೆ ಒಂದು ಚುಕ್ಕಿ ಇಟ್ಟೆ, 'ಠ' ಆಯಿತು. (ಮುಂದೆ ಇಂಟರ್ನೆಟ್ಟಿನ ಲೋಕ ಇದೇ 'ಠ'ವನ್ನು ಹುಬ್ಬು ಗಂಟಿಕ್ಕಿದ ಕಣ್ಣು ಮಾಡಿಕೊಂಡು ಪ್ರಸಿದ್ಧ ಮಾಡಿತು, ಓದುವುದು ಹೇಗೆಂದು ಮಾತ್ರ ಯಾರೂ ಕೇಳಲಿಲ್ಲ.) ಆ ಯಂತ್ರವನ್ನು ಮಾಡಿದ ಕೇಂಬ್ರಿಜ್‌ನವರಿಗೆ ಕನ್ನಡ ಎಂಬ ಭಾಷೆಯ ನೆನಪೇ ಬಂದಿರಲಿಕ್ಕಿಲ್ಲ. ಬರಬೇಕಾಗಿಯೂ ಇರಲಿಲ್ಲ. ಕಂಪನಿಗೆ ಪತ್ರ ಬರೆಯಬೇಕಿರಲಿಲ್ಲ, ಕನ್ನಡದ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಲೆಕ್ಕ ಕೊಡಬೇಕಿರಲಿಲ್ಲ, ಮುಂದಿನ ಆವೃತ್ತಿಗೆ ಕಾಯಬೇಕಿರಲಿಲ್ಲ. ರಾಕೆಟ್ಟು ಬರೆಯಲು ಬಿಟ್ಟ ಜಾಗದಲ್ಲೇ ಅಕ್ಷರವೂ ಹಿಡಿಸಿತು. ಆಟಕ್ಕೆಂದು ಬಿಟ್ಟ ಬಾಗಿಲಿನಿಂದ ಭಾಷೆ ಒಳಗೆ ಬಂತು.

ಇದನ್ನು ಹೊಗಳಿ ಹೊನ್ನಶೂಲಕ್ಕೇರಿಸುವುದು ಬೇಡ. ಎಂಟಕ್ಕೆಂಟರ ಚೌಕದಲ್ಲಿ 'ಸ್ತ್ರೀ' ಹಿಡಿಸುವುದಿಲ್ಲ. ಹೀಗೆ ಬದಲಿಸಲು ಸುಲಭವಾಗಿ ಸಿಗುತ್ತಿದ್ದ ಅಕ್ಷರಗಳು 32. ನಮ್ಮ ಕಾಗುಣಿತಕ್ಕೆ ಅದು ಎಲ್ಲಿ ಸಾಕು? ತಂತ್ರಜ್ಞಾನವಾಗಿ ಅದು ಬಡವಾಗಿತ್ತು. ನಾನು ಹೇಳುತ್ತಿರುವುದು ಅಧಿಕಾರದ ಮಾತು. ಯಾರ ಅಪ್ಪಣೆಯೂ ಇಲ್ಲದೆ ಒಬ್ಬ ಹುಡುಗ ತನ್ನ ಲಿಪಿಯನ್ನು ಯಂತ್ರದೊಳಗೆ ಇಡಬಹುದಿತ್ತು.

ಈಗ ಆಟದ ಕಡೆ ಬರೋಣ, ಏಕೆಂದರೆ ಆ ಕಾಲದ ಆಟಗಳೂ ಇದೇ ಮಣ್ಣಿನಲ್ಲಿ ಬೆಳೆದವು. ಬಾಹ್ಯಾಕಾಶದ ಆಟಗಳು ಹುಟ್ಟಿದಾಗಿನಿಂದ ತೆರೆದ ಪುಸ್ತಕಗಳು. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಬರೆದ 'ಸ್ಪೇಸ್‌ವಾರ್' ಕೈಯಿಂದ ಕೈಗೆ ಹೋಗಿ, ಹೋದಲ್ಲೆಲ್ಲ ತಿದ್ದಿಸಿಕೊಂಡು ಬೆಳೆಯಿತು. 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ಕೆಲವೇ ತಿಂಗಳಲ್ಲಿ, ಜಿಮ್ ಸ್ಟೋರರ್ ಎಂಬ ಹೈಸ್ಕೂಲು ಹುಡುಗ ಚಂದ್ರನ ಮೇಲೆ ನೌಕೆ ಇಳಿಸುವ ಆಟ ಬರೆದ. ಡೇವಿಡ್ ಆಲ್ ಎಂಬಾತ ಇಂಥ ಆಟಗಳ ಸಾಲುಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿಸಿದರು. ಓದುಗರು ಒಂದೊಂದೇ ಸಾಲು ಟೈಪ್ ಮಾಡಿ ಆಡಬೇಕು. ಟೈಪ್ ಮಾಡುವಾಗ ಒಂದು ಅಂಕಿ ಬದಲಿಸಿದರೆ ಏನಾಗುತ್ತದೆ ನೋಡೋಣ ಎನ್ನಿಸದ ಮಗು ಇಲ್ಲ.

ಆ ಚಂದ್ರನ ಆಟದ ಕತೆ ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಒಬ್ಬ ಪ್ರೋಗ್ರಾಮರ್ ಹಳೆಯ ಸಾಲುಗಳನ್ನು ಓದುತ್ತ ಹೋಗಿ, ನೌಕೆ ನೆಲ ಮುಟ್ಟುವ ಲೆಕ್ಕದಲ್ಲಿ ಎರಡರಿಂದ ಭಾಗಿಸುವುದು ಬಿಟ್ಟುಹೋಗಿದೆ ಎಂದು ಕಂಡುಹಿಡಿದರು. 55 ವರ್ಷದ ಮೇಲೆ! ಹುಡುಗ ಬರೆದದ್ದನ್ನು ಮುಚ್ಚಿಡದೆ ಇದ್ದುದರಿಂದ ಅರ್ಧ ಶತಮಾನದ ನಂತರವೂ ಇನ್ನೊಬ್ಬರು ಅವನ ಜೊತೆ ಮಾತಾಡಲು ಸಾಧ್ಯವಾಯಿತು. ನಮ್ಮಲ್ಲಿ ಹಳೆಯ ಕಾವ್ಯಕ್ಕೆ ಪಾಠಾಂತರ ಹುಡುಕುವವರಿಗೆ ಈ ಸುಖ ಗೊತ್ತಿದೆ. ತಾಳೆಗರಿ ಉಳಿದಿರಬೇಕು, ಬಿಚ್ಚಲು ಬರಬೇಕು. ಆಗ ಮಾತ್ರ ಪಾಠಾಂತರ.

ಇನ್ನು 'ಎಲೀಟ್'. 1984ರ ಸೆಪ್ಟೆಂಬರಿನಲ್ಲಿ ಬಂತು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದೇ ಬಿಬಿಸಿ ಮೈಕ್ರೋಗೆ ಬರೆದದ್ದು. ಕೈಯಲ್ಲಿ 100 ಕ್ರೆಡಿಟ್, ಒಂದು ಸಣ್ಣ ನೌಕೆ, 'ಲಾವೆ' ಎಂಬ ಗ್ರಹ. ಬೇಸಾಯದ ಗ್ರಹದಲ್ಲಿ ಧಾನ್ಯ ಕೊಂಡು ಕೈಗಾರಿಕೆಯ ಗ್ರಹದಲ್ಲಿ ಮಾರು, ಅಲ್ಲಿಂದ ಕಂಪ್ಯೂಟರ್ ತುಂಬಿಕೊಂಡು ಬಾ, ದಾರಿಯಲ್ಲಿ ದರೋಡೆಕೋರರು ಬಂದರೆ ಹೋರಾಡು, ತಿರುಗುತ್ತಿರುವ ನಿಲ್ದಾಣದ ಕಿರಿದಾದ ಬಾಯಿಯೊಳಗೆ ನೌಕೆಯನ್ನೂ ತಿರುಗಿಸುತ್ತ ನುಗ್ಗು. ಮೂರು ಜೀವ, ಹತ್ತು ನಿಮಿಷದ ಆಟ, ಕೊನೆಗೆ ಅಂಕ ಎಂಬ ಅಂಗಡಿ ನಿಯಮ ಇದರಲ್ಲಿ ಇರಲಿಲ್ಲ. ಅದಕ್ಕೇ ಒಂದು ದೊಡ್ಡ ಪ್ರಕಾಶನ ಸಂಸ್ಥೆ ಬೇಡ ಎಂದಿತ್ತು. ಕೊನೆಗೆ ಏಕಾರ್ನ್‌ನದೇ ಪ್ರಕಾಶನ ವಿಭಾಗ ತೆಗೆದುಕೊಂಡಿತು.

ಎಂಟು ತಾರಾಮಂಡಲ, ಒಂದೊಂದರಲ್ಲಿ 256 ಗ್ರಹ, ಒಟ್ಟು 2,048. ಪ್ರತಿಯೊಂದಕ್ಕೂ ಹೆಸರು, ಸರ್ಕಾರ, ಆರ್ಥಿಕತೆ, ಜನರ ವರ್ಣನೆ. ಇಡೀ ಆಟಕ್ಕೆ ಸಿಕ್ಕ ಜಾಗ ಸುಮಾರು 22 ಕೆಬಿ. ಇವತ್ತು ಬೆಳಗ್ಗೆ ನಿಮ್ಮ ಸೋದರಮಾವ ವಾಟ್ಸ್ಯಾಪಿನಲ್ಲಿ ಕಳಿಸಿದ 'ಶುಭೋದಯ'ದ ಹೂವಿನ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ. ಹಾಗಾದರೆ 2,048 ಗ್ರಹಗಳನ್ನು ಎಲ್ಲಿ ತುಂಬಿದರು? ತುಂಬಲೇ ಇಲ್ಲ. ಮೂರು ಸಂಖ್ಯೆ ಇಟ್ಟುಕೊಂಡರು: 23114, 584, 46931. ಮೂರನ್ನೂ ಕೂಡಿಸು. 65,536 ಮೀರಿದರೆ ಅಷ್ಟನ್ನು ಕಳೆ. ಮೊದಲನೆಯದನ್ನು ಕೈಬಿಟ್ಟು ಹೊಸದನ್ನು ಕೊನೆಗೆ ಸೇರಿಸು. ಹೀಗೆ ನಾಲ್ಕು ಸಲ ಮಾಡಿದರೆ ಮುಂದಿನ ಗ್ರಹ. ಆ ಸಂಖ್ಯೆಗಳಿಂದಲೇ ಹೆಸರು, ಹವೆ, ಸಂತೆಯ ಬೆಲೆ. ಹೆಸರಿಗೆ ಎರಡೆರಡು ಇಂಗ್ಲಿಷ್ ಅಕ್ಷರಗಳ 31 ಜೋಡಿಗಳ ಪಟ್ಟಿ ಇತ್ತು. 'ಲಾ' ಜೋಡಿ, 'ವೆ' ಜೋಡಿ ಸೇರಿ 'ಲಾವೆ'. ಪ್ರತಿ ಸಲ ಅದೇ ಲೆಕ್ಕ, ಆದ್ದರಿಂದ ಪ್ರತಿ ಸಲ ಅದೇ ಲೋಕ. ಈ ವಿಧಾನದಲ್ಲಿ 281 ಲಕ್ಷ ಕೋಟಿ ತಾರಾಮಂಡಲ ಮಾಡಬಹುದಿತ್ತು. ಅಷ್ಟು ಬೇಡ, ಎಂಟು ಸಾಕು ಎಂದು ಪ್ರಕಾಶಕರು ಅಂದರು. ಇಂಗ್ಲಿಷಿನಲ್ಲಿ ಅಸಭ್ಯವಾಗುವ ಹೆಸರಿನ ಗ್ರಹ ಹುಟ್ಟಿತೆಂದು ಒಂದು ಇಡೀ ತಾರಾಮಂಡಲವನ್ನೇ ಕೈಬಿಟ್ಟರಂತೆ. ಬ್ರಹ್ಮನಿಗೂ ಇಷ್ಟು ಸಲೀಸಾಗಿ ಲಯ ಮಾಡಲು ಬರುವುದಿಲ್ಲ.

ಈ ಗುಟ್ಟು ನಮಗೆ ಹೇಗೆ ಗೊತ್ತು? ಇಯಾನ್ ಬೆಲ್ ಮೂಲ ಸಾಲುಗಳನ್ನೇ ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಇಟ್ಟರು. ಹವ್ಯಾಸಿಯೊಬ್ಬರು ಅದಕ್ಕೆ ಸಾಲುಸಾಲಿಗೂ ಟೀಕೆ ಬರೆದಿದ್ದಾರೆ. 1984ರ ಆಟ ಇವತ್ತೂ ಓಡುತ್ತದೆ, ಓದಿಸಿಕೊಳ್ಳುತ್ತದೆ, ತಿದ್ದಿಸಿಕೊಳ್ಳುತ್ತದೆ.

ಈಗ ಅದೇ ಆಟದ ಮೊಮ್ಮಗನನ್ನು ನೋಡಿ. ಅದೇ ಬ್ರಾಬೆನ್ ಅವರ ಕಂಪನಿ 2014ರಲ್ಲಿ 'ಎಲೀಟ್: ಡೇಂಜರಸ್' ತಂದಿತು. ನಮ್ಮ ಆಕಾಶಗಂಗೆಯ ಸುಮಾರು 40,000 ಕೋಟಿ ನಕ್ಷತ್ರಗಳು ಅದರಲ್ಲಿವೆ, ಕಣ್ಣು ತಣಿಯುವಷ್ಟು ಚೆಂದ. ಇಂಟರ್ನೆಟ್ ಇಲ್ಲದೆಯೂ ಒಬ್ಬರೇ ಆಡಬಹುದು ಎಂದು ಮೊದಲು ಹೇಳಿದ್ದರು. ಬಿಡುಗಡೆಗೆ ಸ್ವಲ್ಪ ಮುಂಚೆ ಅದನ್ನು ಕೈಬಿಟ್ಟರು. ಒಬ್ಬನೇ ಆಡಿದರೂ ಕಂಪನಿಯ ಸರ್ವರ್ ಜೊತೆ ತಂತು ಇರಲೇಬೇಕು. ಒಂದು ದಿನ ಆ ಸರ್ವರ್ ನಿಂತರೆ 40,000 ಕೋಟಿ ನಕ್ಷತ್ರ ಒಟ್ಟಿಗೇ ಆರುತ್ತವೆ. 22 ಕೆಬಿಯ ಅಜ್ಜ ಬದುಕಿರುತ್ತಾನೆ, ಮೊಮ್ಮಗ ಹೋಗಿರುತ್ತಾನೆ.

ಬೀಗ ಒಂದೇ ದಿನದಲ್ಲಿ ಬೀಳಲಿಲ್ಲ. 1985ರಲ್ಲಿ ಎಲೀಟ್ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಬಂದಾಗಲೇ ಅದರ ಜೊತೆ 'ಲೆನ್ಸ್‌ಲಾಕ್' ಎಂಬ ಪ್ಲಾಸ್ಟಿಕ್ ತುಂಡು ಕೊಟ್ಟಿದ್ದರು. ಪರದೆಯ ಮೇಲೆ ಚೂರುಚೂರಾದ ಅಕ್ಷರ ಬರುತ್ತದೆ. ಈ ತುಂಡನ್ನು ಟಿವಿಗೆ ಹಿಡಿದರೆ ಕೂಡಿಕೊಂಡು ಕಾಣುತ್ತದೆ. ಅದನ್ನು ಟೈಪ್ ಮಾಡಿದರೆ ಮಾತ್ರ ಆಟ. ನಿಮ್ಮ ಟಿವಿ ತೀರ ದೊಡ್ಡದೋ ತೀರ ಚಿಕ್ಕದೋ ಆದರೆ ಅಕ್ಷರ ಕೂಡುತ್ತಲೇ ಇರಲಿಲ್ಲ. ದುಡ್ಡು ಕೊಟ್ಟು ಕೊಂಡವನು ಬಾಗಿಲಲ್ಲಿ ನಿಂತ, ಬೀಗ ಮುರಿದವನು ಒಳಗೆ ಕೂತು ಆಡಿದ. ಬೀಗದ ಸ್ವಭಾವವೇ ಅದು. ಅಂದಿನಿಂದ ಇಂದಿನವರೆಗೆ ಬೀಗ ಗಟ್ಟಿಯಾಗಿದೆ, ಸ್ವಭಾವ ಬದಲಾಗಿಲ್ಲ.

ಇನ್ನೊಂದು ತಮಾಷೆ ಕೇಳಿ. ನಿಮ್ಮ ಕಿಸೆಯ ಫೋನಿನೊಳಗಿನ ಆರ್ಮ್ ಪ್ರೊಸೆಸರ್ ಇದೆಯಲ್ಲ, ಅದರ ಮೊದಲ ಪೀಳಿಗೆ 1985ರಲ್ಲಿ ಹುಟ್ಟಿದ್ದು ಇದೇ ಏಕಾರ್ನ್ ಕಂಪನಿಯಲ್ಲಿ. ಸೋಫಿ ವಿಲ್ಸನ್ ಅದರ ಆಜ್ಞೆಗಳನ್ನು ಮೊದಲು ಪರೀಕ್ಷಿಸಿದ್ದು ಬಿಬಿಸಿ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಿಂದ. ಅಂದರೆ ಶಾಲಾಮಕ್ಕಳಿಗೆ ಸಿಗುತ್ತಿದ್ದ ಅದೇ ಬಾಣದ ಗುರುತಿನ ಮುಂದೆ ಕೂತು ಇವತ್ತಿನ ಫೋನಿನ ಬೀಜ ಬಿತ್ತಿದರು. ಆ ಬೀಜದಿಂದ ಬಂದ ಫೋನಿನಲ್ಲಿ ಮಗುವಿಗೆ ಬಾಣದ ಗುರುತು ಕಾಣುವುದಿಲ್ಲ. ಕಾಣುವುದು ಅಂಗಡಿ.

ಇದರಿಂದ ಕನ್ನಡಕ್ಕೆ ಏನು ಎಂದು ಕೇಳುವವರು ಸ್ಮಾರ್ಟ್‌ಫೋನಿನ ಮೊದಲ ವರ್ಷಗಳನ್ನು ನೆನಪು ಮಾಡಿಕೊಳ್ಳಿ. ಊರಿನಿಂದ ಅಮ್ಮ ಕಳಿಸಿದ ಕನ್ನಡ ಸಂದೇಶ ಸಾಲು ಸಾಲು ಖಾಲಿ ಡಬ್ಬಿಗಳಾಗಿ ಕಾಣುತ್ತಿತ್ತು. ಪುಣೆ, ಮುಂಬೈ, ದೆಹಲಿಯಲ್ಲಿ ಕೂತ ನಾವು, ಇನ್ನೊಬ್ಬರ ಸಾಫ್ಟ್‌ವೇರ್ ಬರೆದು ಸಂಬಳ ಎಣಿಸುವ ನಾವು, ಆ ಡಬ್ಬಿಗಳನ್ನು ನೋಡುತ್ತ ಕಂಪನಿ ಯಾವಾಗ ಕರುಣಿಸುತ್ತದೋ ಎಂದು ಕಾದೆವು. 1986ರಲ್ಲಿ ಎಂಟು ಸಂಖ್ಯೆ ಬರೆದರೆ ಆಗುತ್ತಿದ್ದ ಕೆಲಸಕ್ಕೆ ಈಗ ಮನವಿ, ಸಹಿ ಸಂಗ್ರಹ, ಅಭಿಯಾನ.

ಕನ್ನಡ ಕಂಪ್ಯೂಟರಿಗೆ ಬಂದದ್ದೇ ಒಳಗೆ ಕೈ ಹಾಕಿದವರಿಂದ. ಕೆ.ಪಿ. ರಾವ್ ಅವರನ್ನು ನೆನೆಯಿರಿ. ಕ ಮತ್ತು ಖ ಒಂದೇ ಕೀಲಿಯಲ್ಲಿ, ಸ್ವರ ಸೇರಿದರೆ ಗುಣಿತ, ಒಂದು ಕೀಲಿ ಒತ್ತಿದರೆ ಒತ್ತಕ್ಷರ. ನಮ್ಮ ವರ್ಣಮಾಲೆಯ ತರ್ಕವನ್ನೇ ಕೀಲಿಮಣೆಗೆ ಇಳಿಸಿದರು. ಆ ವಿನ್ಯಾಸವೇ ಮುಂದೆ ಸರ್ಕಾರ ಒಪ್ಪಿಕೊಂಡದ್ದಕ್ಕೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಹೊರತಂದರು. ನಮ್ಮಲ್ಲಿ ಎಷ್ಟೋ ಮಂದಿ ಪರದೇಶದಲ್ಲಿ ಕೂತು ಮೊದಲ ಕನ್ನಡ ಇಮೇಲ್ ಬರೆದದ್ದು ಅದರಲ್ಲಿ. ಇವರು ಅರ್ಜಿ ಹಾಕಲಿಲ್ಲ. ಯಂತ್ರ ಬಿಟ್ಟುಕೊಟ್ಟಿತು, ಇವರು ಮಾಡಿದರು. ದೊಡ್ಡ ಕಂಪನಿಗಳು ಆಮೇಲೆ ಬಂದವು, ಬಂದದ್ದು ಒಳ್ಳೆಯದೇ. ಆದರೆ ದಾರಿ ಇರುವುದು ಗೊತ್ತಾದ ಮೇಲೆ ಬಂದವು.

ನನ್ನ ಗೆಳೆಯರು ಇದಕ್ಕೆ ನಾಲ್ಕು ಉತ್ತರ ಕೊಡುತ್ತಾರೆ.

ಒಂದು: ಆಗ ಆ ಯಂತ್ರ ಯಾರಿಗಿತ್ತು? ನಿಜ. ದೇಶಕ್ಕೆಲ್ಲ 250 ಶಾಲೆ, ಆಜ್ಞೆಗಳೆಲ್ಲ ಇಂಗ್ಲಿಷ್, ಕೈಪಿಡಿ ಇಂಗ್ಲಿಷ್. ಪಕ್ಕದ ಬೀದಿಯ ಕನ್ನಡ ಶಾಲೆಯ ಹುಡುಗನಿಗೆ ಆ ಕೋಣೆಯ ಕಿಟಕಿಯೂ ಕಾಣುತ್ತಿರಲಿಲ್ಲ. ಅದು ಸಮಾನತೆಯ ಕಾಲ ಆಗಿತ್ತೆಂದು ನಾನು ಹೇಳುವುದಿಲ್ಲ. ಈಗ ಯಂತ್ರ ಮನೆಮನೆಗೂ ಬಂದಿದೆ. ಅದಕ್ಕೇ ಈಗ ಬೀಗದಿಂದಾಗುವ ನಷ್ಟ ಇನ್ನೂ ದೊಡ್ಡದು. ಆಗ ಕೆಲವರಿಗೆ ಮಾತ್ರ ತೆರೆದ ಬಾಗಿಲಿತ್ತು. ಈಗ ಎಲ್ಲರಿಗೂ ಸಿಕ್ಕಿರುವುದು ಮುಚ್ಚಿದ ಬಾಗಿಲು.

ಎರಡು: ಬೀಗ ಇರುವುದು ರಕ್ಷಣೆಗೆ, ಇಲ್ಲದಿದ್ದರೆ ಅಜ್ಜಿಯ ಬ್ಯಾಂಕ್ ಖಾತೆ ಖಾಲಿ. ಒಪ್ಪಿದೆ. ಅಜ್ಜಿಯ ಫೋನಿಗೆ ಬೀಗ ಇರಲಿ, ಎರಡು ಇರಲಿ. ಆದರೆ ಅಜ್ಜಿಗೆ ಕೊಡುವುದನ್ನೇ ಹತ್ತು ವರ್ಷದ ಮೊಮ್ಮಗಳಿಗೂ ಕಲಿಕೆಯ ಯಂತ್ರ ಎಂದು ಕೊಡುವುದು ಏಕೆ? ಅಡುಗೆಮನೆಯಲ್ಲಿ ಚಾಕು ಮೇಲಿಡುತ್ತೇವೆ. ಅದಕ್ಕಾಗಿ ಮಗು ಹಿಟ್ಟು ಕಲಸುವುದನ್ನು ನಿಲ್ಲಿಸುವುದಿಲ್ಲ.

ಮೂರು: ತೆರೆದ ಯಂತ್ರಗಳು ಈಗಲೂ ಇವೆಯಲ್ಲ! ಇವೆ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಅಂಥದೇ. ಅದರ ಮಾದರಿಗಳಿಗೆ ಎ, ಬಿ ಎಂದು ಹೆಸರಿಟ್ಟದ್ದು ಬಿಬಿಸಿ ಮೈಕ್ರೋ ನೆನಪಿಗೆ. ಆ ಪ್ರತಿಷ್ಠಾನವನ್ನು ಕಟ್ಟಿದವರಲ್ಲಿ ಎಲೀಟ್‌ನ ಬ್ರಾಬೆನ್ ಕೂಡ ಒಬ್ಬರು. ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಕೂಡ ಆದೀತು. ಆದರೆ ಮನೆಯ ಹಿತ್ತಿಲಲ್ಲಿ ಬಾಗಿಲಿದೆ ಎಂದು ಗೊತ್ತಿರುವುದು ನಮಗೆ, ಮಗುವಿಗಲ್ಲ. ನಾವು ತೋರಿಸುವುದಿಲ್ಲ. ಮುಚ್ಚಿದ ಟ್ಯಾಬ್ಲೆಟ್ ಕೈಗಿತ್ತು, ಅದರ ಮೇಲೆ ಕೋಡಿಂಗ್ ಕ್ಲಾಸಿಗೆ ಸಾವಿರಗಟ್ಟಲೆ ಕಟ್ಟುತ್ತೇವೆ. ಅಲ್ಲಿ ಮಗು ಬಣ್ಣದ ಇಟ್ಟಿಗೆ ಜೋಡಿಸಿ ಪ್ರಮಾಣಪತ್ರ ತರುತ್ತದೆ. ಈಜು ಕಲಿಸಲು ಕೆರೆಯ ಫೋಟೋ ತೋರಿಸಿದಂತೆ.

ನಾಲ್ಕು, ಹೊಸ ಉತ್ತರ: ಈಗ ಎಐ ಬರೆಯುತ್ತದೆ, ಇದೆಲ್ಲ ಏಕೆ? ಚಂದ್ರನ ಆಟದ ಲೆಕ್ಕದಲ್ಲಿ 'ಎರಡರಿಂದ ಭಾಗಿಸು' ಬಿಟ್ಟುಹೋದದ್ದು 55 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಆಟ ಓಡುತ್ತಿತ್ತು. ಓಡುತ್ತಿರುವುದನ್ನು ಅನುಮಾನಿಸಲು ಒಳಗಿನ ಗುರುತು ಬೇಕು. ಕನ್ನಡದ ವಿಷಯದಲ್ಲಂತೂ ಇನ್ನೂ ಬೇಕು. ಯಂತ್ರ ಬರೆದ ಕನ್ನಡ ಕನ್ನಡವೋ ಅಲ್ಲವೋ ಎಂದು ಹೇಳುವವರು ನಾವಲ್ಲದೆ ಇನ್ನಾರು?

ಬರೀ ಬೈದು ಮುಗಿಸುವುದು ನನ್ನ ಉದ್ದೇಶವಲ್ಲ. ಒಂದು ಕೆಲಸ ಹೇಳುತ್ತೇನೆ, ಕಾಗದ ಪೆನ್ಸಿಲಿನಲ್ಲೂ ಆಗುತ್ತದೆ.

ಎಲೀಟ್‌ನ ಮೂರು ಸಂಖ್ಯೆ ತೆಗೆದುಕೊಳ್ಳಿ. 23114, 584, 46931. ಕೂಡಿಸಿದರೆ 70629, ಅದರಿಂದ 65536 ಕಳೆದರೆ 5093. ಮತ್ತೆ 584, 46931, 5093 ಕೂಡಿಸಿ: 52608. ಮತ್ತೆ ಹಾಗೆಯೇ: 39096. ಈಗ ನಮ್ಮ 34 ವ್ಯಂಜನ, 13 ಸ್ವರ. 'ಕ'ಕ್ಕೆ 0, 'ಅ'ಕ್ಕೆ 0 ಎಂದು ಎಣಿಸಿ. 5093ನ್ನು 34ರಿಂದ ಭಾಗಿಸಿದರೆ ಶೇಷ 27, ಅಂದರೆ 'ಲ'. 13ರಿಂದ ಭಾಗಿಸಿದರೆ ಶೇಷ 10, ಅಂದರೆ 'ಒ'. ಕೂಡಿದರೆ 'ಲೊ'. 52608ರಿಂದ 'ಟೊ'. 39096ರಿಂದ 'ಷೂ'. ಲೊಟೊಷೂ! ಒಂದು ಕನ್ನಡ ಗ್ರಹ ಹುಟ್ಟಿತು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಗಲಿ.

ಇಂಗ್ಲಿಷಿನವರು ಓದಲು ಬರುವ ಹೆಸರು ಹುಟ್ಟಲಿ ಎಂದು 31 ಜೋಡಿಗಳನ್ನು ಆರಿಸಿ ಇಡಬೇಕಾಯಿತು. ನಮಗೆ ಆ ಕಷ್ಟವೇ ಇಲ್ಲ. ಕಾಗುಣಿತದ 442 ಅಕ್ಷರಗಳಲ್ಲಿ ಯಾವ ಮೂರನ್ನು ಪಕ್ಕಪಕ್ಕ ಇಟ್ಟರೂ ಒಂದನೇ ಕ್ಲಾಸಿನ ಮಗು ಓದುತ್ತದೆ. ಮೂರಕ್ಷರದ ಹೆಸರುಗಳೇ 8 ಕೋಟಿ 63 ಲಕ್ಷಕ್ಕೂ ಹೆಚ್ಚು. ಲೋಕ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಲಿಪಿ ಬೇಕೆ? ಅಂಥ ಲಿಪಿ ಇಟ್ಟುಕೊಂಡು ನಮ್ಮ ಮಕ್ಕಳು ಇಂದಿಗೂ ಒಂದು ಕನ್ನಡ ಆಕಾಶನೌಕೆಯ ಆಟ ಆಡಿ ಬೆಳೆದಿಲ್ಲ.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯ. ಗ್ರಹದ ಬಗ್ಗೆ ಒಂದು ವಾಕ್ಯ ಬೇಕು. ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಹೆಸರು ತುರುಕಿದರೆ ಮುಗಿಯಿತು. ಕನ್ನಡದಲ್ಲಿ ಹಾಗಾಗದು. ಲಾವೆ ಆದರೆ 'ಲಾವೆಯಲ್ಲಿ', ಲೊಟೊಷೂ ಆದರೆ 'ಲೊಟೊಷೂವಿನಲ್ಲಿ', ಇನ್ನೊಂದು ಗ್ರಹ ಕಮಟ ಆದರೆ 'ಕಮಟದಲ್ಲಿ'. ಕೊನೆಯ ಸ್ವರ ನೋಡಿ ಪ್ರತ್ಯಯ ಆರಿಸುವಂತೆ ಯಂತ್ರಕ್ಕೆ ಹೇಳಿಕೊಡಬೇಕು. ಹೇಳಿಕೊಡಬೇಕಾದರೆ ಮೊದಲು ತನಗೆ ಗೊತ್ತಿರಬೇಕು. ಪುಣೆಯಲ್ಲಿ ಹುಟ್ಟಿ, ಮನೆಯಲ್ಲಿ 'ಊಟ ಆಯ್ತಾ, ನೀರು ಕೊಡು'ವಿಗೆ ಕನ್ನಡ ಮುಗಿಸಿರುವ ಹುಡುಗಿ ಆಗಮ ಸಂಧಿಯನ್ನು ಅಂಕಕ್ಕಾಗಿ ಕಲಿಯುವುದಿಲ್ಲ. ತನ್ನ ಗ್ರಹದ ಮಾತು ಸರಿಬರಲಿ ಎಂದು ಖಂಡಿತ ಕಲಿಯುತ್ತಾಳೆ. ಅನುವಾದವಾಗಿ ಬಂದ ಯಾವ ಆಪ್ ಕೂಡ ಅವಳಿಗೆ ಇದನ್ನು ಕೇಳುವುದಿಲ್ಲ. ತಾನೇ ಮಾಡಬೇಕಾದ ಯಂತ್ರ ಮಾತ್ರ ಕೇಳುತ್ತದೆ.

ನಮ್ಮ ಕನ್ನಡ ಸಂಘಗಳು ಪ್ರತಿ ನವೆಂಬರಿನಲ್ಲಿ ಹಾಲ್ ಬಾಡಿಗೆ ಹಿಡಿಯುತ್ತವೆ. ಆರ್ಕೆಸ್ಟ್ರಾ, ಶಾಲು, ಹೋಳಿಗೆ, ಕಂಪನಿಗಳು ಕನ್ನಡಕ್ಕೆ ನ್ಯಾಯ ಕೊಡಲಿ ಎಂಬ ಭಾಷಣ. ಹೋಳಿಗೆ ಇರಲಿ. ಭಾಷಣದ ಒಂದು ಗಂಟೆ ನಮಗೆ ಕೊಡಿ. ಕಚೇರಿಯಲ್ಲಿ ಮೂಲೆಗೆ ಬಿದ್ದ ಹತ್ತು ಹಳೆಯ ಲ್ಯಾಪ್‌ಟಾಪ್, ಒಂದು ಕಟ್ಟು ಗ್ರಾಫ್ ಹಾಳೆ, ಕನ್ನಡದಲ್ಲಿ ಬರೆದ ನಾಲ್ಕು ಪುಟದ ಕೈಪಿಡಿ. ಆ ನಾಲ್ಕು ಪುಟ ಬರೆಯಬೇಕಾದವರು ನಾವು. ಹಗಲೆಲ್ಲ ಇಂಗ್ಲಿಷಿನಲ್ಲಿ ದಾಖಲೆ ಬರೆಯುವ ಕೈಗಳಿಗೆ ಅದು ಒಂದು ಭಾನುವಾರದ ಕೆಲಸ.

ಹಳೆಯ ಯಂತ್ರದ ಗೊಂಬೆ ಕೊಂಡು ಕಪಾಟಿನಲ್ಲಿಡುವವರು ಇಡಲಿ, ನನ್ನ ಆಕ್ಷೇಪವಿಲ್ಲ. ಆದರೆ ಅದರ ಮುಂದೆ ನಿಂತು ಮಕ್ಕಳಿಗೆ 'ನಮ್ಮ ಕಾಲದಲ್ಲಿ' ಎಂದು ಶುರು ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಮಗುವಿನ ಕೈಯಲ್ಲಿರುವ ಯಂತ್ರದಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಅದು ಒಂದು 'ಠ' ಬರೆಯಬಲ್ಲುದೆ? ಇಲ್ಲವೆಂದಾದರೆ, ಬರೆಯಬಲ್ಲ ಯಂತ್ರವೊಂದನ್ನು ಈ ವಾರವೇ ಅದರ ಮುಂದಿಡಿ. ಪಕ್ಕದಲ್ಲಿ ಒಂದು ಪೆನ್ಸಿಲೂ ಇರಲಿ.